ಮಿದುಳಿನ ರಕ್ತನಾಳಗಳೂ ಬಟಾಣಿ ಗಾತ್ರದ ಒಂದು ಗ್ರಂಥಿಯೂ: ಡಾ. ಹಾರ್ವಿ ಕುಶಿಂಗ್ ಅವರ ಸಂಶೋಧನೆ



ನಿಮ್ಮ ಅಡುಗೆಮನೆಯಲ್ಲಿ ಬಲಿತ ತೆಂಗಿನಕಾಯಿ ಇದ್ದೇ ಇರುತ್ತದೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಗಟ್ಟಿಯಾದ ಕರಟ, ಅದರೊಳಗೆ ಮೆತ್ತನೆಯ ತಿರುಳು, ಅದರೊಳಗೆ ನೀರು. ನಮ್ಮ ತಲೆಯ ರಚನೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಗಟ್ಟಿ ತಲೆಬುರುಡೆ, ಒಳಗೆ ಮೆತ್ತನೆಯ ಮಿದುಳು, ಮಿದುಳಿನ ಸುತ್ತಲೂ ಅದರ ಒಳಗಿನ ಟೊಳ್ಳುಗಳಲ್ಲೂ ತಿಳಿಯಾದ ಒಂದು ದ್ರವ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಿತ್ತಿಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಮಿದುಳಿಗೆ ರಕ್ತ ಹತ್ತು ಸೆಕೆಂಡು ನಿಂತರೆ ಎಚ್ಚರ ತಪ್ಪುತ್ತದೆ, ಕೆಲವೇ ನಿಮಿಷ ನಿಂತರೆ ಅದರ ಜೀವಕೋಶಗಳು ಸಾಯಲಾರಂಭಿಸುತ್ತವೆ.

ದೊಡ್ಡವರ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ದೇಹದ ತೂಕದಲ್ಲಿ ಇದು ಶೇಕಡ 2ರಷ್ಟು ಮಾತ್ರ. ಆದರೂ ನಾವು ಉಸಿರಾಡಿದ ಆಕ್ಸಿಜನ್ನಿನಲ್ಲಿ ಸುಮಾರು ಶೇಕಡ 20ರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಅಲ್ಲಿ ಹರಿಯಬೇಕು. ಇಷ್ಟು ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ?

ಕುತ್ತಿಗೆಯ ಮುಂಭಾಗದಲ್ಲಿ ಎರಡು, ಹಿಂಭಾಗದ ಎಲುಬಿನ ರಂಧ್ರಗಳ ಮೂಲಕ ಎರಡು, ಹೀಗೆ ನಾಲ್ಕು ಅಪಧಮನಿಗಳು ತಲೆಗೆ ಏರುತ್ತವೆ. ಮಿದುಳಿನ ತಳದಲ್ಲಿ ಇವು ಕವಲೊಡೆದು, ಒಂದಕ್ಕೊಂದು ಕೂಡಿಕೊಂಡು ಬಳೆಯಂತೆ ಆಗುತ್ತವೆ. ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯರು 1664ರಲ್ಲಿ ಇದನ್ನು ಚಿತ್ರಸಹಿತ ವಿವರಿಸಿದ್ದರಿಂದ ಇದಕ್ಕೆ ವಿಲಿಸ್ ವೃತ್ತ ಎಂದು ಹೆಸರು. ಕುಂದಾಪುರದವರಿಗೆ ಇದನ್ನು ವಿವರಿಸುವುದು ಸುಲಭ. ನಿಮ್ಮೂರಿನ ಪಂಚಗಂಗಾವಳಿಯನ್ನು ನೆನಪಿಸಿಕೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತವೆ. ನಡುವೆ ಕುದ್ರುಗಳು. ಒಂದು ಕವಲಿನಲ್ಲಿ ಹೂಳು ತುಂಬಿದರೆ ದೋಣಿಯವರು ಇನ್ನೊಂದು ಕವಲಿನಿಂದ ಸುತ್ತಿಕೊಂಡು ಹೋಗುತ್ತಾರಲ್ಲವೆ? ವಿಲಿಸ್ ವೃತ್ತದಲ್ಲೂ ಒಂದು ಕಡೆಯ ನಾಳ ನಿಧಾನವಾಗಿ ಕಟ್ಟಿಕೊಂಡರೆ ಇನ್ನೊಂದು ಕಡೆಯಿಂದ ರಕ್ತ ಸುತ್ತಿ ಬರಲು ಸಾಧ್ಯವಿದೆ. ಆದರೆ ಈ ಬಳೆ ಎಲ್ಲರಲ್ಲೂ ಪೂರ್ಣವಾಗಿರುವುದಿಲ್ಲ. ಬಹಳ ಜನರಲ್ಲಿ ಒಂದೆರಡು ತುಂಡುಗಳು ತೀರಾ ಸಪೂರವಾಗಿರುತ್ತವೆ.

ಈ ರಕ್ತನಾಳಗಳ ಬಳೆಯ ನಡುವೆ, ಹೊಳೆಯ ನಡುವಿನ ಕುದ್ರುವಿನಂತೆ ಇರುವುದೇ ಪಿಟ್ಯುಟರಿ ಗ್ರಂಥಿ. ಗಾತ್ರ ಒಂದು ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಕುದುರೆಯ ಜೀನಿನ ಆಕಾರದ ಎಲುಬಿನ ಗುಳಿಯೊಂದರಲ್ಲಿ ಅದು ಕುಳಿತಿರುತ್ತದೆ. ಅದರ ಹೆಸರಿನ ಕಥೆ ಕೇಳಿದರೆ ನೀವು ನಗುತ್ತೀರಿ. ಲ್ಯಾಟಿನ್ ಭಾಷೆಯಲ್ಲಿ ‘ಪಿಟ್ಯುಟ’ ಎಂದರೆ ಸಿಂಬಳ. ಮಿದುಳಿನ ಕಲ್ಮಶ ಈ ಗ್ರಂಥಿಯ ಮೂಲಕ ಇಳಿದು ಮೂಗಿನಿಂದ ಹೊರಬರುತ್ತದೆ ಎಂದು ಹಿಂದಿನವರು ನಂಬಿದ್ದರು. ನಂಬಿಕೆ ಹೋಯಿತು, ಹೆಸರು ಉಳಿಯಿತು. ಇಂದು ನಮ್ಮ ಪುಸ್ತಕಗಳಲ್ಲಿ ಇದನ್ನು ಪ್ರಧಾನ ಗ್ರಂಥಿ ಎಂದು ಕರೆಯುತ್ತಾರೆ. ಏಕೆಂದರೆ ಇದು ಸ್ರವಿಸುವ ಹಾರ್ಮೋನುಗಳು ನಮ್ಮ ಬೆಳವಣಿಗೆಯನ್ನೂ ಥೈರಾಯ್ಡ್, ಅಡ್ರಿನಲ್ ಮುಂತಾದ ಬೇರೆ ಗ್ರಂಥಿಗಳ ಕೆಲಸವನ್ನೂ ನಿಯಂತ್ರಿಸುತ್ತವೆ.

ಸಿಂಬಳದ ಗ್ರಂಥಿ ಪ್ರಧಾನ ಗ್ರಂಥಿಯಾದದ್ದು ಹೇಗೆ? ಇದರಲ್ಲಿ ಹಲವರ ಪಾಲಿದೆ. ಅವರಲ್ಲಿ ಮಿದುಳಿನ ರಕ್ತನಾಳಗಳನ್ನೂ ಈ ಗ್ರಂಥಿಯನ್ನೂ ಎರಡನ್ನೂ ಜೀವಮಾನವಿಡೀ ಅಧ್ಯಯನ ಮಾಡಿದ ಒಬ್ಬ ಶಸ್ತ್ರವೈದ್ಯರ ವಿಷಯವನ್ನು ಈ ಪಾಠದಲ್ಲಿ ನೋಡೋಣ.

ಹಾರ್ವಿ ಕುಶಿಂಗ್ ಅವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1869ರ ಏಪ್ರಿಲ್ 8ರಂದು ಹುಟ್ಟಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಓದುತ್ತಿದ್ದಾಗ ರೋಗಿಗಳಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಅವರ ಕೈಯಲ್ಲಿದ್ದ ಒಬ್ಬ ರೋಗಿ ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ ತೀರಿಕೊಂಡ. ಕುಶಿಂಗ್ ಓದು ಬಿಟ್ಟುಬಿಡುವ ಯೋಚನೆ ಮಾಡಿದರಂತೆ. ಬಿಡಲಿಲ್ಲ. ಬದಲಿಗೆ ಸಹಪಾಠಿ ಕಾಡ್‌ಮನ್ ಜೊತೆ ಸೇರಿ 1894-95ರ ಸುಮಾರಿಗೆ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಕೆಲವು ನಿಮಿಷಗಳಿಗೊಮ್ಮೆ ರೋಗಿಯ ನಾಡಿಬಡಿತ ಮತ್ತು ಉಸಿರಾಟವನ್ನು ಚೌಕುಳಿ ಕಾಗದದ ಮೇಲೆ ಗುರುತಿಸುವ ಕ್ರಮ ಆರಂಭಿಸಿದರು. ಗಣಿತದಲ್ಲಿ ನೀವು ಬಿಡಿಸುವ ರೇಖಾನಕ್ಷೆಯೇ ಅದು. ರೋಗಿಯ ಸ್ಥಿತಿ ಕೆಡುತ್ತಿರುವುದು ಗೆರೆ ಇಳಿಯುವುದರಲ್ಲೇ ಮೊದಲು ಕಾಣುತ್ತಿತ್ತು. ಇಂದಿಗೂ ಜಗತ್ತಿನ ಎಲ್ಲ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಇಂಥ ದಾಖಲೆ ಇಡುತ್ತಾರೆ.

1900ರಲ್ಲಿ ಅವರು ಯುರೋಪಿಗೆ ಹೋದರು. ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದಲ್ಲಿ ಅವರಿಗೆ ಸಿಕ್ಕ ಪ್ರಶ್ನೆ ಇದು: ತಲೆಬುರುಡೆಯೊಳಗೆ ಒತ್ತಡ ಹೆಚ್ಚಾದರೆ ರಕ್ತನಾಳಗಳಲ್ಲಿ ಏನಾಗುತ್ತದೆ? ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಒಸರಿದರೆ, ಅಥವಾ ಗೆಡ್ಡೆ ಬೆಳೆದರೆ ಒತ್ತಡ ಏರುತ್ತದೆ. ಕರಟ ಹಿಗ್ಗುವುದಿಲ್ಲವಲ್ಲ! ಪ್ರಯೋಗದ ಪ್ರಾಣಿಯ ತಲೆಬುರುಡೆಯಲ್ಲಿ ಸಣ್ಣ ಗಾಜಿನ ಕಿಟಕಿ ಕೂರಿಸಿ, ಉಪ್ಪುನೀರಿನಿಂದ ಒಳಗಿನ ಒತ್ತಡ ಏರಿಸುತ್ತ ಹೋದರು. ಒತ್ತಡ ಒಂದು ಮಟ್ಟ ಮುಟ್ಟಿದಾಗ ಮಿದುಳಿನ ಮೇಲ್ಮೈಯ ನಾಳಗಳು ಬಿಳುಚಿಕೊಂಡವು. ಸ್ವಲ್ಪ ಹೊತ್ತಿಗೆ ಇಡೀ ದೇಹದ ರಕ್ತದೊತ್ತಡ ಏರಿತು. ಬಿಳುಚಿದ ನಾಳಗಳು ಮತ್ತೆ ಕೆಂಪಾದವು. ಅಂದರೆ ರಕ್ತ ಸಾಲದೆ ಹೋದ ಮಿದುಳು, ಇನ್ನೂ ಜೋರಾಗಿ ಪಂಪು ಮಾಡೆಂದು ದೇಹಕ್ಕೆ ಆಜ್ಞೆ ಕೊಡುತ್ತದೆ. ತಲೆಗೆ ಪೆಟ್ಟಾದವರಲ್ಲಿ ರಕ್ತದೊತ್ತಡ ಏರುತ್ತ ನಾಡಿ ನಿಧಾನವಾಗುತ್ತಿದ್ದರೆ ವೈದ್ಯರು ಗಾಬರಿಯಾಗುವುದು ಇದೇ ಕಾರಣಕ್ಕೆ. ಇದನ್ನು ಇಂದು ಕುಶಿಂಗ್ ಪ್ರತಿಕ್ರಿಯೆ ಎನ್ನುತ್ತಾರೆ.

ಅದೇ ಪ್ರವಾಸದಲ್ಲಿ, 1901ರಲ್ಲಿ, ಇಟಲಿಯ ಪಾವಿಯಾದ ಆಸ್ಪತ್ರೆಯೊಂದರಲ್ಲಿ ರೀವಾ ರೋಚಿ ಎಂಬ ವೈದ್ಯರ ವಿಧಾನದಂತೆ ತೋಳಿಗೆ ರಬ್ಬರಿನ ಪಟ್ಟಿ ಕಟ್ಟಿ, ಗಾಳಿ ತುಂಬಿ ರಕ್ತದೊತ್ತಡ ಅಳೆಯುವುದನ್ನು ಕುಶಿಂಗ್ ಕಂಡರು. ಅದರ ಚಿತ್ರ ಬಿಡಿಸಿಕೊಂಡರು. ಉಪಕರಣವನ್ನು ಅಮೆರಿಕಕ್ಕೆ ಒಯ್ದು ಬಳಕೆಗೆ ತಂದರು. ನಿಮ್ಮ ಅಜ್ಜಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಬಿ.ಪಿ. ನೋಡುವಾಗ’ ಕಟ್ಟುವ ಪಟ್ಟಿಯ ಹಿರಿಯಜ್ಜ ಅದು.

ಇನ್ನು ಪಿಟ್ಯುಟರಿಯ ವಿಷಯಕ್ಕೆ ಬರೋಣ. 1886ರಲ್ಲಿ ಫ್ರಾನ್ಸಿನ ಪಿಯೆರ್ ಮರಿ ಎಂಬ ವೈದ್ಯರು ವಿಚಿತ್ರ ರೋಗವೊಂದನ್ನು ವಿವರಿಸಿದ್ದರು. ದೊಡ್ಡವರಾದ ಮೇಲೂ ಕೈ, ಪಾದ, ದವಡೆ ದಪ್ಪವಾಗುತ್ತ ಹೋಗುವ ರೋಗ. ಉಂಗುರ ಬೆರಳಿಗೆ ಹಿಡಿಯುವುದಿಲ್ಲ, ಚಪ್ಪಲಿಯ ಅಳತೆ ವರ್ಷ ವರ್ಷ ಬದಲಾಗುತ್ತದೆ. ಇಂಥವರಲ್ಲಿ ಪಿಟ್ಯುಟರಿ ಊದಿಕೊಂಡಿರುವುದು ಕಂಡಿತ್ತು. ಗ್ರಂಥಿ ಹೆಚ್ಚು ಕೆಲಸ ಮಾಡಿದ್ದರಿಂದ ಹೀಗಾಯಿತೆ, ಕೆಲಸ ಮಾಡದ್ದರಿಂದ ಹೀಗಾಯಿತೆ? ಆಗ ಯಾರಿಗೂ ಖಚಿತವಿರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿದ್ದ ಕುಶಿಂಗ್ ಮತ್ತು ಸಹಾಯಕರು ನಾಯಿಗಳಲ್ಲಿ ಗ್ರಂಥಿಯ ಭಾಗವನ್ನು ತೆಗೆದು ನೋಡಿದರು. ಮರಿಗಳು ಬೆಳೆಯಲಿಲ್ಲ, ದೊಡ್ಡ ನಾಯಿಗಳು ಬೊಜ್ಜು ಬಂದು ಜಡವಾದವು. ಹಾಗಾದರೆ ಗ್ರಂಥಿ ಅತಿಯಾದರೆ ದೈತ್ಯದೇಹ, ಕೊರತೆಯಾದರೆ ಬೆಳವಣಿಗೆಯ ಕೊರತೆ ಎಂಬ ತರ್ಕ ಸ್ಪಷ್ಟವಾಯಿತು. ಗ್ರಂಥಿಯನ್ನು ಪೂರ್ತಿ ತೆಗೆದರೆ ಪ್ರಾಣಿ ಬದುಕುವುದೇ ಇಲ್ಲ ಎಂದೂ ಅವರು ಬರೆದರು. ಇದು ಸರಿಯಲ್ಲವೆಂದು ಮುಂದೆ ಫಿಲಿಪ್ ಸ್ಮಿತ್ ಎಂಬ ವಿಜ್ಞಾನಿ ಇಲಿಗಳಲ್ಲಿ ತೋರಿಸಿಕೊಟ್ಟರು. ಮೇಲಿರುವ ಮಿದುಳಿಗೆ ಗಾಯವಾಗದಂತೆ ತೆಗೆದರೆ ಇಲಿಗಳು ಬದುಕುತ್ತಿದ್ದವು, ಆದರೆ ಬೆಳೆಯುತ್ತಿರಲಿಲ್ಲ.

1909ರ ಮಾರ್ಚ್ ತಿಂಗಳಲ್ಲಿ ಇಂಥ ರೋಗವಿದ್ದ ರೈತರೊಬ್ಬರಿಗೆ ಕುಶಿಂಗ್ ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯ ಒಂದು ಭಾಗ ತೆಗೆದರು. ರೋಗಿ ಸುಧಾರಿಸಿಕೊಂಡರು. ಬುರುಡೆಯನ್ನು ಮೇಲಿನಿಂದ ತೆರೆದರೆ ಮಿದುಳನ್ನೆಲ್ಲ ಸರಿಸಿ ತಳಕ್ಕೆ ಹೋಗಬೇಕು. ಆದ್ದರಿಂದ ಮೂಗಿನ ಹಿಂದಿನ ಟೊಳ್ಳು ಎಲುಬಿನ ಮೂಲಕ ಕೆಳಗಿನಿಂದ ಗ್ರಂಥಿಯನ್ನು ತಲುಪುವ ದಾರಿ ಹಿಡಿದರು. ಈ ದಾರಿಯನ್ನು 1907ರಲ್ಲಿ ಆಸ್ಟ್ರಿಯದ ಶ್ಲೋಫರ್ ಮೊದಲು ತೋರಿಸಿದ್ದರು. ಕುಶಿಂಗ್ ಮೇಲ್ದುಟಿಯ ಒಳಭಾಗದಲ್ಲಿ ಕೊಯ್ದು, ಮುಖದ ಮೇಲೆ ಕಲೆ ಉಳಿಯದಂತೆ ಅದನ್ನು ಸುಧಾರಿಸಿದರು. 1910ರಿಂದ 1925ರವರೆಗೆ 231 ಜನರಿಗೆ ಹೀಗೆ ಚಿಕಿತ್ಸೆ ಮಾಡಿದರು. ಸತ್ತವರು ಶೇಕಡ 5.6 ಮಾತ್ರ. ಆಗ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ, ಸ್ಕ್ಯಾನ್ ಇರಲಿಲ್ಲ ಎಂಬುದನ್ನು ನೆನಪಿಡಿ.

ಸ್ಕ್ಯಾನ್ ಇಲ್ಲದೆ ಗೆಡ್ಡೆ ಇದೆಯೆಂದು ಗೊತ್ತಾಗುತ್ತಿದ್ದುದು ಹೇಗೆ? ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ಮೂವರು ಸೇರಿ. ಒಬ್ಬರು ಕುಳಿತು ಎದುರಿನ ಗೆಳೆಯನ ಮೂಗನ್ನೇ ನೋಡುತ್ತಿರಬೇಕು, ಕಣ್ಣು ಹೊರಳಿಸಬಾರದು. ಮೂರನೆಯವರು ಹಿಂದೆ ನಿಂತು ಒಂದು ಪೆನ್ಸಿಲನ್ನು ಕಿವಿಯ ಹಿಂದಿನಿಂದ ನಿಧಾನವಾಗಿ ಮುಂದಕ್ಕೆ ತರಬೇಕು. ಕಂಡ ಕೂಡಲೇ ‘ಕಂಡಿತು’ ಎನ್ನಬೇಕು. ಹೆಚ್ಚುಕಡಿಮೆ ಕಿವಿಯ ನೇರಕ್ಕೇ ಪೆನ್ಸಿಲು ಕಾಣುತ್ತದೆ. ಎರಡೂ ಕಡೆ ಪರೀಕ್ಷಿಸಿ. ಪಿಟ್ಯುಟರಿಯ ಸರಿಯಾಗಿ ಮೇಲ್ಭಾಗದಲ್ಲಿ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಈ ನರಗಳನ್ನು ಒತ್ತಿದರೆ ಎರಡೂ ಪಕ್ಕದ ನೋಟ ಮಂಕಾಗುತ್ತದೆ, ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಅಂಥವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಪಕ್ಕದಿಂದ ಬರುವ ಬಸ್ಸು ಅವರಿಗೆ ತಡವಾಗಿ ಕಾಣುತ್ತದೆ. ಕುಶಿಂಗ್ ತಮ್ಮ ರೋಗಿಗಳ ನೋಟದ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಡುತ್ತಿದ್ದರು.

ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಶತ್ರು ರಕ್ತಸ್ರಾವ. ಕೈ ಬೆರಳು ಕೊಯ್ದರೆ ಒತ್ತಿ ಹಿಡಿದು ಬಟ್ಟೆ ಕಟ್ಟುತ್ತೇವೆ. ಮಿದುಳನ್ನು ಒತ್ತಿ ಹಿಡಿಯುವಂತಿಲ್ಲ. ಬೆಣ್ಣೆಯಂಥ ಅದರೊಳಗೆ ದಾರದಿಂದ ಗಂಟು ಹಾಕುವುದೂ ಕಷ್ಟ. 1911ರಲ್ಲಿ ಕುಶಿಂಗ್ ಬೆಳ್ಳಿಯ ತಂತಿಯ ಪುಟ್ಟ ಕ್ಲಿಪ್ಪುಗಳಿಂದ ನಾಳಗಳನ್ನು ಚಿವುಟಿ ಮುಚ್ಚುವ ವಿಧಾನ ಪ್ರಕಟಿಸಿದರು. ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕುವ ಕ್ಲಿಪ್ಪಿನ ಕೆಲಸವೇ, ಗಾತ್ರ ಮಾತ್ರ ಕೆಲವು ಮಿಲಿಮೀಟರ್. ಆಮೇಲೆ 1926ರಲ್ಲಿ ಭೌತವಿಜ್ಞಾನ ಬಲ್ಲ ವಿಲಿಯಂ ಬೋವಿ ಎಂಬವರು ರಚಿಸಿದ ಯಂತ್ರ ಬಂತು. ಹೆಚ್ಚು ಆವರ್ತಾಂಕದ ವಿದ್ಯುತ್ತಿನ ಶಾಖದಿಂದ ಕೊಯ್ಯುತ್ತಲೇ ನಾಳಗಳನ್ನು ಮುಚ್ಚುವ ಯಂತ್ರವದು. ರಕ್ತಸ್ರಾವದ ಭಯದಿಂದ ಅರ್ಧಕ್ಕೆ ಬಿಟ್ಟಿದ್ದ ಗೆಡ್ಡೆಗಳನ್ನು ತೆಗೆಯಲು ಕುಶಿಂಗ್ ಹಳೆಯ ರೋಗಿಗಳನ್ನು ಮತ್ತೆ ಕರೆಸಿಕೊಂಡರು. ವಿದ್ಯುತ್ತಿನ ಪಾಠ ಬರೀ ಬಲ್ಬು ಉರಿಸಲಿಕ್ಕೆ ಎಂದು ಹೇಳುವವರಿಗೆ ನಾನು ಬೋವಿಯ ಯಂತ್ರದ ಉದಾಹರಣೆ ಕೊಡುತ್ತೇನೆ. 1928ರಲ್ಲಿ ಮಿದುಳಿನ ರಕ್ತನಾಳಗಳಿಂದಲೇ ಹುಟ್ಟುವ ಗೆಡ್ಡೆಗಳ ಬಗ್ಗೆ ಕುಶಿಂಗ್, ಪರ್ಸಿವಲ್ ಬೇಲಿ ಅವರೊಡನೆ ಒಂದು ಪುಸ್ತಕವನ್ನೇ ಬರೆದರು.

ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗಲು ಎಷ್ಟು ವರ್ಷ ಬೇಕು ನೋಡಿ. 1910ರಲ್ಲಿ 23 ವರ್ಷದ ಯುವತಿಯೊಬ್ಬಳು ಅವರ ಬಳಿ ಬಂದಳು. ಮುಖ ಚಂದ್ರನಂತೆ ಗುಂಡಗೆ, ಹೊಟ್ಟೆ ದಪ್ಪ, ಕೈಕಾಲು ಸಪೂರ, ಚರ್ಮದ ಮೇಲೆ ನೇರಳೆ ಗೆರೆಗಳು. ಯಾವ ಗ್ರಂಥಿಯ ದೋಷವೆಂದು ಹೇಳಲಾಗಲಿಲ್ಲ. ಕುಶಿಂಗ್ ಬರೆದಿಟ್ಟುಕೊಂಡರು. ಇಪ್ಪತ್ತೆರಡು ವರ್ಷಗಳ ನಂತರ, 1932ರಲ್ಲಿ, ಇಂಥ 12 ರೋಗಿಗಳ ವಿವರ ಒಟ್ಟುಗೂಡಿಸಿ, ಇದು ಪಿಟ್ಯುಟರಿಯ ಬಹು ಸಣ್ಣ ಗೆಡ್ಡೆಯಿಂದ ಬರುತ್ತದೆ ಎಂದು ವಾದಿಸಿದರು. ಎಳ್ಳುಕಾಳಿನಷ್ಟು ಚಿಕ್ಕ ಗೆಡ್ಡೆ ಇಡೀ ದೇಹದ ರೂಪ ಬದಲಿಸಬಲ್ಲದು ಎಂದರೆ ನಂಬುವುದು ಕಷ್ಟವೇ. ಆದರೆ ಅದು ನಿಜವಾಗಿತ್ತು. ಈಗ ಅದಕ್ಕೆ ಅವರದೇ ಹೆಸರು, ಕುಶಿಂಗ್ ಕಾಯಿಲೆ.

ಶಿಕ್ಷಕ ಮಿತ್ರರಿಗೆ ಇಲ್ಲೊಂದು ಮಾತು. ಇದೇ ಗುಂಡು ಮುಖ, ಇದೇ ಲಕ್ಷಣಗಳು ಗೆಡ್ಡೆ ಇಲ್ಲದೆಯೂ ಬರುತ್ತವೆ. ಗಂಟುನೋವಿಗೋ ಉಬ್ಬಸಕ್ಕೋ ವೈದ್ಯರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗುವವರು ನಮ್ಮೂರುಗಳಲ್ಲಿ ಕಡಿಮೆಯಿಲ್ಲ. ಪೋಷಕರ ಸಭೆಯಲ್ಲಿ ಇದನ್ನು ಹೇಳಿ. ಜೊತೆಗೇ, ಬಹುಕಾಲ ನುಂಗಿದ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು ಎಂಬುದನ್ನೂ ತಪ್ಪದೆ ಹೇಳಿ.

ಕುಶಿಂಗ್ ತಮ್ಮ ರೋಗಿಗಳ ಚಿತ್ರ, ಛಾಯಾಚಿತ್ರ, ತೆಗೆದ ಗೆಡ್ಡೆ ಎಲ್ಲವನ್ನೂ ಜೋಪಾನ ಮಾಡಿದರು. 1931ರಲ್ಲಿ ಅವರ ಗೆಡ್ಡೆಗಳ ಲೆಕ್ಕ 2,000 ಮುಟ್ಟಿತು. ಆ ಸಂಗ್ರಹ ಈಗ ಯೇಲ್ ವಿಶ್ವವಿದ್ಯಾನಿಲಯದಲ್ಲಿದೆ, 2010ರಿಂದ ಜನರೂ ನೋಡಬಹುದು. ಆದರೆ ಈ ಸಂಗ್ರಹದ ಆಸೆ ಅವರನ್ನು ತಪ್ಪುದಾರಿಗೂ ಎಳೆದಿತ್ತು. ದೈತ್ಯದೇಹದ ವ್ಯಕ್ತಿಯೊಬ್ಬ ಸತ್ತಾಗ ಮನೆಯವರು ಪರೀಕ್ಷೆಗೆ ಒಪ್ಪಲಿಲ್ಲ. ಅಂತ್ಯಸಂಸ್ಕಾರದ ವ್ಯವಸ್ಥೆ ನೋಡುವವನಿಗೆ ಹಣ ಕೊಟ್ಟು ಕುಶಿಂಗ್ ಅವರ ಸಹಾಯಕರು ಗುಟ್ಟಾಗಿ ಪಿಟ್ಯುಟರಿಯನ್ನು ತೆಗೆದು ತಂದರೆಂದು ಸಹಾಯಕರೊಬ್ಬರೇ ಮುಂದೆ ಬರೆದಿದ್ದಾರೆ. ದುಃಖದಲ್ಲಿದ್ದವರಿಗೆ ಮಾಡಿದ ಮೋಸ ಇದು. ವಿಜ್ಞಾನಕ್ಕಾಗಿ ಎಂದರೂ ಸರಿಯಾಗದು. ಇಂದು ಮನೆಯವರ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಆರಂಭವಾದ ಮಿದುಳು ಬ್ಯಾಂಕಿಗೆ ಕುಟುಂಬದವರು ಒಪ್ಪಿ ದಾನ ಕೊಟ್ಟ ಮಿದುಳುಗಳು ಬರುತ್ತವೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವೂ ಇದೆ. ಪ್ರವಾಸ ಹೋದಾಗ ಲಾಲ್‌ಬಾಗಿನ ಜೊತೆ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಯಕ್ಷಗಾನದಲ್ಲಿ ಒಂದು ಹೆಜ್ಜೆ ಗುರುವಿನಿಂದ ಶಿಷ್ಯನಿಗೆ ಇಳಿದು ಬರುವಂತೆ ಇಲ್ಲೂ ನಡೆಯಿತು. ಕುಶಿಂಗ್ ಅವರ ಬಳಿ ಕಲಿತ ಸ್ಕಾಟ್‌ಲ್ಯಾಂಡಿನ ನಾರ್ಮನ್ ಡಾಟ್, ಗುರುಗಳೇ ಕೊನೆಗೆ ಕೈಬಿಟ್ಟಿದ್ದ ಮೂಗಿನ ದಾರಿಯನ್ನು ಬಿಡದೆ ಉಳಿಸಿದರು. ಅವರಿಂದ ಫ್ರಾನ್ಸಿನ ಗಿಯೋ, ಗಿಯೋ ಅವರಿಂದ ಕೆನಡಾದ ಜೂಲ್ಸ್ ಹಾರ್ಡಿ ಕಲಿತರು. ಹಾರ್ಡಿ 1960ರ ದಶಕದಲ್ಲಿ ಅದಕ್ಕೆ ಸೂಕ್ಷ್ಮದರ್ಶಕ ಜೋಡಿಸಿದರು. ಇಂದು ಪಿಟ್ಯುಟರಿಯ ಹೆಚ್ಚಿನ ಶಸ್ತ್ರಚಿಕಿತ್ಸೆಗಳು ಅದೇ ದಾರಿಯಲ್ಲಿ ನಡೆಯುತ್ತವೆ. ರಕ್ತನಾಳದ ಕಡೆಗೂ ಇದೇ ಶಿಷ್ಯರು. ಸೈಕಲ್ ಟ್ಯೂಬಿನ ಸವೆದ ಭಾಗ ಗುಳ್ಳೆಯಂತೆ ಉಬ್ಬುವುದನ್ನು ನೋಡಿದ್ದೀರಲ್ಲ, ಹಾಗೆ ಮಿದುಳಿನ ಅಪಧಮನಿಯೂ ಕೆಲವರಲ್ಲಿ ಉಬ್ಬುತ್ತದೆ, ಒಡೆದರೆ ಜೀವಕ್ಕೆ ಅಪಾಯ. 1931ರಲ್ಲಿ ಡಾಟ್ ಇಂಥ ಉಬ್ಬಿಗೆ ರೋಗಿಯ ತೊಡೆಯ ಸ್ನಾಯುವಿನ ಚೂರನ್ನೇ ಸುತ್ತಿ ಭದ್ರಪಡಿಸಿದರು. 1937ರಲ್ಲಿ ಇನ್ನೊಬ್ಬ ಶಿಷ್ಯ ವಾಲ್ಟರ್ ಡ್ಯಾಂಡಿ ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ಪು ಹಾಕಿ ಅದನ್ನು ಮುಚ್ಚಿದರು. (ಗುರು ಶಿಷ್ಯರಿಗೆ ಮಾತ್ರ ಪರಸ್ಪರ ಆಗಿಬರುತ್ತಿರಲಿಲ್ಲ!) ಕುಶಿಂಗ್ ಅವರ ಕೈಕೆಳಗೆ ಸ್ವಲ್ಪ ಕಾಲ ಕೆಲಸ ಮಾಡಿದ್ದ ಪೆನ್‌ಫೀಲ್ಡ್ ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ನಮ್ಮ ಡಾ. ಜೇಕಬ್ ಚಾಂಡಿ ಕಲಿತು ಬಂದು, 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಬೆಂಗಳೂರಿನಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಅವರು ಈ ಕೆಲಸ ಕಟ್ಟಿ ಬೆಳೆಸಿ, 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದರು. ಕೈನಡುಕದ ಪಾರ್ಕಿನ್‌ಸನ್ ರೋಗಕ್ಕೆ ಬುರುಡೆಯ ತಳದ ಸಹಜ ರಂಧ್ರವೊಂದರ ಮೂಲಕವೇ ಸೂಜಿ ಕಳಿಸಿ ಚಿಕಿತ್ಸೆ ಮಾಡುವ ವಿಧಾನ ಅವರ ಹೆಸರಿನಲ್ಲಿದೆ.

ರಕ್ತನಾಳಕ್ಕೂ ಪಿಟ್ಯುಟರಿಗೂ ಇನ್ನೊಂದು ನಂಟು ಇದೆ. 1930ರಲ್ಲಿ ಪೋಪಾ ಮತ್ತು ಊನಾ ಫೀಲ್ಡಿಂಗ್ ಎಂಬ ವಿಜ್ಞಾನಿಗಳು ಮಿದುಳಿಗೂ ಈ ಗ್ರಂಥಿಗೂ ನಡುವೆ ಪುಟ್ಟ ರಕ್ತನಾಳಗಳಿರುವುದನ್ನು ಕಂಡರು. ರಕ್ತ ಗ್ರಂಥಿಯಿಂದ ಮೇಲಕ್ಕೆ ಹೋಗುತ್ತದೆ ಎಂದುಕೊಂಡರು. ಅವರು ನೋಡಿದ್ದು ಸತ್ತವರ ಅಂಗಾಂಶದಲ್ಲಿ. ಗಂಗೊಳ್ಳಿಯ ಅಳಿವೆಯ ಫೋಟೋ ನೋಡಿ, ಆಗ ಉಬ್ಬರವಿತ್ತೋ ಇಳಿತವಿತ್ತೋ ಹೇಳಬಲ್ಲಿರಾ? ಮುಂದೆ ಜೀವಂತ ಪ್ರಾಣಿಗಳಲ್ಲಿ ನೋಡಿದಾಗ ಹರಿವು ಮಿದುಳಿನಿಂದ ಕೆಳಕ್ಕೆ ಎಂದು ಗೊತ್ತಾಯಿತು. ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಇದರ ಅರ್ಥ ಬಿಡಿಸಿದರು: ಪ್ರಧಾನ ಗ್ರಂಥಿಗೂ ಮೇಲೊಬ್ಬ ಯಜಮಾನನಿದ್ದಾನೆ, ಅದು ಮಿದುಳೇ, ಅಪ್ಪಣೆಯ ರಾಸಾಯನಿಕಗಳು ಈ ನಾಳಗಳಲ್ಲಿ ಇಳಿದು ಬರುತ್ತವೆ. ಆ ರಾಸಾಯನಿಕಗಳನ್ನು ಬೇರ್ಪಡಿಸಿದ ಗಿಯೆಮಾನ್ ಮತ್ತು ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಬಂತು. ಹಲವು ಬಾರಿ ಹೆಸರು ಸೂಚಿತವಾಗಿದ್ದ ಕುಶಿಂಗ್ ಅವರಿಗೆ ಮಾತ್ರ ಅದು ಬರಲೇ ಇಲ್ಲ. ಅವರು 1939ರ ಅಕ್ಟೋಬರ್ 7ರಂದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೂ ಒಂದು ಸಣ್ಣ ಗಡ್ಡೆಯಿತ್ತು. ಬದುಕಿದ್ದಾಗ ಅದು ಯಾರಿಗೂ ಗೊತ್ತಾಗಿರಲಿಲ್ಲ.

ಈಗ ನಿಮ್ಮ ಮನೆಯ ವಿಷಯ. ಹಿರಿಯರಲ್ಲಿ ಯಾರಿಗಾದರೂ ತಟ್ಟನೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಅದು ಮಿದುಳಿನ ನಾಳ ಕಟ್ಟಿಕೊಂಡ ಅಥವಾ ಒಡೆದ ಲಕ್ಷಣ. ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಬೈಂದೂರಿನಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಎಪ್ಪತ್ತು ಕಿಲೋಮೀಟರಿನ ಆಸುಪಾಸು ಇದೆ, ಕೊಲ್ಲೂರಿನ ಕಡೆಯ ಹಳ್ಳಿಗಳಿಂದ ಹೆದ್ದಾರಿಗೆ ಬರಲೇ ಸಮಯ ಬೇಕು. ಎಣ್ಣೆ ತಿಕ್ಕುತ್ತ, ಬೆಳಗಾಗಲಿ ಎಂದು ಕಾಯುತ್ತ ಕೂತರೆ ಆ ಹೊತ್ತು ಮೀರಿಹೋಗುತ್ತದೆ. 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಗಂಟೆಯನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ಆ ಚೀಟಿ ಬರೆಯುವ ಕೆಲಸ ಐದನೆಯ ತರಗತಿಯವರಿಗೂ ಸಾಧ್ಯ.

ಶಾಲೆಗಳಿಗೆ ಭೇಟಿ ಕೊಡುವಾಗ ಗೋಡೆಯ ಮೇಲೆ ಎತ್ತರದ ಅಳತೆಪಟ್ಟಿ ಬರೆದಿರುವುದನ್ನು ಕಾಣುತ್ತೇನೆ. ಬಹಳ ಕಡೆ ಅದರ ಮುಂದೆ ಬೆಂಚು ಇಟ್ಟಿರುತ್ತಾರೆ. ಆ ಬೆಂಚನ್ನು ಸರಿಸಿ. ಬೆಳೆಯುವ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 5 ಸೆಂ.ಮೀ. ಅಥವಾ ಹೆಚ್ಚು ಬೆಳೆಯುತ್ತಾರೆ. ಯಾರದಾದರೂ ಗೆರೆ ವರ್ಷವಿಡೀ ಹೆಚ್ಚು ಮೇಲೇರದಿದ್ದರೆ ‘ಕುಳ್ಳ’ ಎಂದು ಕರೆದು ನಗುವುದಲ್ಲ, ಗುರುಗಳಿಗೆ ಹೇಳಿ. ಪೌಷ್ಟಿಕ ಆಹಾರದ ಕೊರತೆ, ಥೈರಾಯ್ಡ್ ದೋಷ, ಹಳೆಯ ಕಾಯಿಲೆ ಹೀಗೆ ಕಾರಣ ಹಲವು ಇರಬಹುದು, ತಂದೆ ತಾಯಿ ಗಿಡ್ಡವಿದ್ದು ಮಗುವೂ ಹಾಗಿರಬಹುದು, ಅಪರೂಪಕ್ಕೆ ಪಿಟ್ಯುಟರಿಯೂ ಇರಬಹುದು. 1958ರಲ್ಲಿ ಬೆಳವಣಿಗೆಯ ಹಾರ್ಮೋನಿನಿಂದ ಒಬ್ಬ ಹುಡುಗನನ್ನು ಬೆಳೆಸಿದ ವರದಿ ಬಂದಾಗ ಅದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯಬೇಕಿತ್ತು. 1985ರಿಂದ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾದದ್ದು ಬಂದಿದೆ. ಆದರೆ ಎಲುಬುಗಳ ಬೆಳೆಯುವ ತುದಿಗಳು ಹದಿಹರೆಯದ ಕೊನೆಗೆ ಮುಚ್ಚಿಕೊಳ್ಳುತ್ತವೆ. ಆಮೇಲೆ ಯಾವ ಔಷಧದಿಂದಲೂ ಎತ್ತರ ಹೆಚ್ಚದು. ಆದ್ದರಿಂದ ಆರೋಗ್ಯ ತಪಾಸಣೆಗೆ ವೈದ್ಯರು ಶಾಲೆಗೆ ಬಂದ ದಿನ ಎರಡು ವರ್ಷದ ಅಳತೆ ಕೈಯಲ್ಲಿದ್ದರೆ ಬಹಳ ಅನುಕೂಲ.

ಒಂದು ಇನ್ನೂರು ಪುಟದ ಪುಸ್ತಕ ತೆಗೆದುಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಪುಟ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಅಳೆಯಿರಿ. ಚಪ್ಪಲಿ ಬಿಡಬೇಕು, ಹಿಮ್ಮಡಿ ಗೋಡೆಗೆ ತಾಗಬೇಕು, ತಲೆಯ ಮೇಲೆ ಒಂದು ಹಲಗೆಯನ್ನು ಅಡ್ಡಲಾಗಿ ಇಟ್ಟು ಗುರುತು ಮಾಡಬೇಕು. ಕುಶಿಂಗ್ ಮಾಡಿದಂತೆ ಚೌಕುಳಿ ಕಾಗದದ ಮೇಲೆ ಬಿಂದುಗಳನ್ನು ಇಟ್ಟು ಗೆರೆ ಕೂಡಿಸಿ. ಏಳನೆಯ ತರಗತಿಯವರು ಶಾಲೆ ಬಿಡುವಾಗ ಪುಸ್ತಕವನ್ನು ಆರನೆಯವರ ಕೈಗೆ ಕೊಟ್ಟು ಹೋಗಿ.